ಶೇಂಗಾ ಸಿಪ್ಪೆಯಿಂದ ಆಕ್ಟಿವೇಟೆಡ್ ಕಾರ್ಬನ್: ಬಣ್ಣದ ನೀರು ತಿಳಿಯಾಗಿಸುವ ಇದ್ದಿಲು ಮಾಡುವ ಬಗೆ

ಪ್ರಾಜೆಕ್ಟ್ ಮಾಡುವ ಕಾಲ ಬಂತೆಂದರೆ ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರಿಂದ ಒಂದೇ ಪ್ರಶ್ನೆ. ಹೊಲದ ಕಸದಿಂದ ಆಕ್ಟಿವೇಟೆಡ್ ಕಾರ್ಬನ್ ಮಾಡೋದು ಹೇಗೆ? ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆ ನೂಲಿಗೆ ಬಣ್ಣ ಹಾಕುವ ಮನೆಗಳವರೂ ಇದನ್ನೇ ಕೇಳುತ್ತಾರೆ. ಅವರಿಗೆ ಬೇಕಾದದ್ದು ಅಂಕವಲ್ಲ. ಗಟಾರಕ್ಕೆ ಹೋಗುವ ಕೆಂಪು, ಹಸಿರು ನೀರು ತಿಳಿಯಾಗಬೇಕು, ಅಷ್ಟೇ. ಇಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಇದ್ದಿಲು ಬೇರೆ, ಆಕ್ಟಿವೇಟೆಡ್ ಕಾರ್ಬನ್ ಬೇರೆ. ಕಟ್ಟಿಗೆ, ಸಿಪ್ಪೆಯಂಥದ್ದನ್ನು ಡಬ್ಬಿಯಲ್ಲಿ ಹಾಕಿ, ಮುಚ್ಚಳ ಮುಚ್ಚಿ, ಒಲೆಯಲ್ಲಿಟ್ಟು ಸುಟ್ಟರೆ ಸಿಗುವುದು ಇದ್ದಿಲು. ಅದರಲ್ಲೂ ಸಣ್ಣ ಸಣ್ಣ ರಂಧ್ರಗಳು ಇರುತ್ತವೆ. ಆದರೆ ಬಹಳಷ್ಟು ಡಾಂಬರಿನಂಥ ಅಂಟಿನಿಂದ ಮುಚ್ಚಿಹೋಗಿರುತ್ತವೆ. ಆ ರಂಧ್ರಗಳನ್ನು ತೆರೆದು, ಹೊಸದನ್ನು ಹುಟ್ಟಿಸುವ ಕೆಲಸಕ್ಕೇ ಆಕ್ಟಿವೇಶನ್ ಅನ್ನುವುದು. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಒಂದು ಗ್ರಾಂ ತೆಗೆದುಕೊಂಡರೆ, ಒಳಗಿನ ರಂಧ್ರಗಳ ಗೋಡೆಯೆಲ್ಲ ಬಿಚ್ಚಿ ಹಾಸಿದಂತೆ ಲೆಕ್ಕ ಹಾಕಿದಾಗ 500ರಿಂದ 1500 ಚದರ ಮೀಟರ್ ಆಗುತ್ತದೆ. ಬಣ್ಣದ ಕಣಗಳು ಹೋಗಿ ಅಂಟಿಕೊಳ್ಳುವುದು ಈ ಗೋಡೆಗಳಿಗೆ. ಹೀಗೆ ಮೇಲ್ಮೈಗೆ ಅಂಟಿಕೊಳ್ಳುವುದಕ್ಕೆ ಅಡ್ಸಾರ್ಪ್ಶನ್ ಎಂದು ಹೆಸರು. ಪಠ್ಯಪುಸ್ತಕದಲ್ಲಿ ಅಧಿಶೋಷಣೆ ಅನ್ನುತ್ತಾರೆ. ಸ್ಪಂಜು ನೀರು ಹೀರಿದ ಹಾಗಲ್ಲ ಇದು. ಗೋಡೆಗೆ ಧೂಳು ಹಿಡಿದ ಹಾಗೆ.

ಯಾವ ಕಸ ಆಗುತ್ತದೆ?

ನಮ್ಮ ಕಡೆ ಆಯ್ಕೆಗೆ ಬರವಿಲ್ಲ. ಕಬ್ಬಿನ ಸಿಪ್ಪೆ, ಗೋವಿನಜೋಳದ ಬೆಂಡು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಬಳ್ಳಾರಿ ಜಾಲಿ, ದಾಳಿಂಬೆ ಸಿಪ್ಪೆ, ಎಲ್ಲವೂ ಆಗುತ್ತವೆ. ಕಬ್ಬಿನ ಸಿಪ್ಪೆಯನ್ನು ಕಾರ್ಖಾನೆಯವರು ಬಾಯ್ಲರಿಗೆ, ಆಲೆಮನೆಯವರು ಒಲೆಗೆ ಹಾಕಿಬಿಡುತ್ತಾರೆ. ಅದು ಹಗುರ, ಜಾಗ ಜಾಸ್ತಿ ಹಿಡಿಯುತ್ತದೆ. ಭತ್ತದ ಹೊಟ್ಟು ಮೊದಲ ಸಲಕ್ಕೆ ಬೇಡ. ಅದರಲ್ಲಿ ಬೂದಿಯೇ ಶೇ. 15-20ರಷ್ಟು ಇರುತ್ತದೆ, ಅದೂ ಮರಳಿನ ಜಾತಿಯ ಸಿಲಿಕಾ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಶೇಂಗಾ ಸಿಪ್ಪೆ. ಎಣ್ಣೆ ಗಾಣದಲ್ಲಿ, ಶೇಂಗಾ ಒಡೆಯುವ ಮಷೀನಿನ ಹತ್ತಿರ ಚೀಲಗಟ್ಟಲೆ ಸಿಗುತ್ತದೆ. ಆದರೆ ಕೇಳುವಾಗ ಸರಿಯಾಗಿ ಕೇಳಿ. ಶೇಂಗಾ ಹೊಟ್ಟು ಅಂದರೆ ಕೆಲವು ಕಡೆ ದನಕ್ಕೆ ಹಾಕುವ ಬಳ್ಳಿ, ಎಲೆಯ ಮೇವು ಕೊಟ್ಟುಬಿಡುತ್ತಾರೆ. ನಿಮಗೆ ಬೇಕಾದದ್ದು ಕಾಯಿಯ ಮೇಲಿನ ಗಟ್ಟಿ ಸಿಪ್ಪೆ.

ಏನೇನು ಬೇಕು?

ಮಫಲ್ ಫರ್ನೇಸ್ ಬೇಕೇ ಬೇಕು. ಉಷ್ಣತೆ ಹೇಳಿದಲ್ಲಿ ನಿಲ್ಲಿಸುವ ವಿದ್ಯುತ್ ಕುಲುಮೆ ಅದು. ಎಂಜಿನಿಯರಿಂಗ್ ಕಾಲೇಜಿನ ಪರಿಸರ ಪ್ರಯೋಗಾಲಯದಲ್ಲಿ, ಕೆಮಿಸ್ಟ್ರಿ ವಿಭಾಗದಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದಿಲ್ಲದೆ ಮನೆಯ ಒಲೆಯ ಮೇಲೆ ಆಸಿಡ್ ಹಾಕಿ ಸುಡುವ ಸಾಹಸ ದಯವಿಟ್ಟು ಬೇಡ. ಬಣ್ಣದ ಮನೆಯವರು ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳ ಜೊತೆ ಸೇರಿ ಮಾಡಿ. ನೀರು ನಿಮ್ಮದು, ಕುಲುಮೆ ಅವರದು. ಇಬ್ಬರಿಗೂ ಒಳ್ಳೆಯದು.

ಇದರ ಜೊತೆಗೆ:

- ಶೇ. 85ರ ಫಾಸ್ಫಾರಿಕ್ ಆಸಿಡ್
- ಮುಚ್ಚಳವಿರುವ 100 ಮಿಲಿಯ ಪಿಂಗಾಣಿ ಕ್ರೂಸಿಬಲ್ (ಸುಡುವ ಬಟ್ಟಲು) ನಾಲ್ಕು
- ಓವನ್, ತಕ್ಕಡಿ, ಗಾಜಿನ ಬೀಕರ್, ಗಾಜಿನ ಕಡ್ಡಿ
- ಪಿಎಚ್ ಪೇಪರ್ (ನೀರು ಹುಳಿಯೋ ಸಪ್ಪೆಯೋ ಕ್ಷಾರವೋ ತೋರಿಸುವ ಕಾಗದ; 7 ಅಂದರೆ ಸಪ್ಪೆ, ಅದಕ್ಕಿಂತ ಕಡಿಮೆ ಹುಳಿ, ಜಾಸ್ತಿ ಕ್ಷಾರ)
- ಡಿಸ್ಟಿಲ್ಡ್ ವಾಟರ್, ಸುಮಾರು 5 ಲೀಟರ್
- ಮೆಥಿಲೀನ್ ಬ್ಲೂ ಬಣ್ಣ, ಪರೀಕ್ಷೆಗೆ
- ಕೈಗವಸು, ಕನ್ನಡಕ, ಹಳೆಯ ಪೂರ್ತಿ ತೋಳಿನ ಅಂಗಿ

ಅಲ್ಯುಮಿನಿಯಂ, ಕಬ್ಬಿಣದ ಪಾತ್ರೆ ಬೇಡ. ಆಸಿಡ್ ಅವನ್ನು ತಿನ್ನುತ್ತದೆ. ಪಿಂಗಾಣಿಯ ಹೊಳಪೂ ನಾಲ್ಕಾರು ಸಲದಲ್ಲಿ ಒರಟಾಗುತ್ತದೆ. ಆದ್ದರಿಂದ ಈ ಕ್ರೂಸಿಬಲ್‌ಗಳನ್ನು ಇದೇ ಕೆಲಸಕ್ಕೆ ಬೇರೆ ಇಟ್ಟುಬಿಡಿ.

ಫಾಸ್ಫಾರಿಕ್ ಆಸಿಡ್ಡೇ ಯಾಕೆ ಅಂತ ಕೇಳಬಹುದು. ಹಲವರು ಜಿಂಕ್ ಕ್ಲೋರೈಡ್ ಬಳಸುತ್ತಾರೆ. ಆದರೆ ಎಷ್ಟು ತೊಳೆದರೂ ಸ್ವಲ್ಪ ಸತು ಉಳಿಯುತ್ತದೆ, ತೊಳೆದ ನೀರಿನ ಜೊತೆ ಹೊರಗೂ ಹೋಗುತ್ತದೆ. ನೀರು ಶುದ್ಧ ಮಾಡಲು ಹೊರಟು ನೀರಿಗೇ ಸತು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಕಾಸ್ಟಿಕ್ ಪೊಟ್ಯಾಶ್ ಎಂಬ ಕ್ಷಾರಕ್ಕೆ 700 ಡಿಗ್ರಿ ದಾಟಬೇಕು, ಅದು ಪಾತ್ರೆಯನ್ನೂ ಬಿಡುವುದಿಲ್ಲ. ಇನ್ನು ಹಬೆಯ ವಿಧಾನ. ಕಾರ್ಖಾನೆಗಳಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿಗೆ 800-1000 ಡಿಗ್ರಿಯಲ್ಲಿ ಹಬೆ ಹಾಯಿಸುತ್ತಾರೆ. ಅಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಎರಡೂ ಹುಟ್ಟುತ್ತವೆ. ಒಂದು ಸ್ಫೋಟಿಸುತ್ತದೆ, ಇನ್ನೊಂದು ವಾಸನೆಯಿಲ್ಲದೆ ಕೊಲ್ಲುತ್ತದೆ. ಸಣ್ಣ ಪ್ರಯೋಗಾಲಯಕ್ಕೆ ಅದಲ್ಲ.

ಹಂತ 1: ಸಿಪ್ಪೆ ತೊಳೆಯಿರಿ

ಶೇಂಗಾ ಬೆಳೆಯುವುದು ಮಣ್ಣಿನೊಳಗೆ. ಸಿಪ್ಪೆಯ ಮೇಲಿನ ಜಾಲದಂಥ ಗೆರೆಗಳಲ್ಲಿ ಮಣ್ಣು ಕೂತಿರುತ್ತದೆ, ಎರೆ ಹೊಲದ್ದಾಗಲಿ ಮಸಾರಿಯದ್ದಾಗಲಿ. ಆ ಮಣ್ಣು ಸುಡುವುದಿಲ್ಲ. ಬೂದಿಯಾಗಿ ಕೊನೆವರೆಗೂ ನಿಮ್ಮ ಕಾರ್ಬನ್ನಿನ ಜೊತೆಗೇ ಇರುತ್ತದೆ, ತೂಕ ಕೊಡುತ್ತದೆ, ಕೆಲಸ ಮಾಡುವುದಿಲ್ಲ. ಬಕೆಟ್ ನೀರಿನಲ್ಲಿ ಕೈಯಿಂದ ತಿಕ್ಕಿ ತೊಳೆಯಿರಿ. ನೀರು ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ, ನಾಲ್ಕೈದು ಸಲ. ಈ ಹಂತಕ್ಕೆ ನಲ್ಲಿ ನೀರು ಸಾಕು.

ಹಂತ 2: ಒಣಗಿಸಿ ಪುಡಿ ಮಾಡಿ

ಎರಡು ದಿನ ಬಿಸಿಲು. ಆಮೇಲೆ ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಂದು ರಾತ್ರಿ. ಪುಡಿ ಸಜ್ಜಕದ ರವೆಯಷ್ಟು ಇರಲಿ. ಹಿಟ್ಟಿನ ಹಾಗೆ ನುಣ್ಣಗೆ ಬೇಡ, ತೊಳೆಯುವಾಗ ಅರ್ಧ ಹರಿದುಹೋಗುತ್ತದೆ.

ಹಂತ 3: ಆಸಿಡ್‌ನಲ್ಲಿ ನೆನೆಸಿ

50 ಗ್ರಾಂ ಒಣ ಪುಡಿ ತೂಗಿ. ಇದಕ್ಕೆ ಅಷ್ಟೇ ತೂಕದ ಅಪ್ಪಟ ಆಸಿಡ್ ಬೇಕು, ಅಂದರೆ 50 ಗ್ರಾಂ. ಇದಕ್ಕೆ ಇಂಪ್ರೆಗ್ನೇಶನ್ ರೇಶಿಯೋ 1:1 ಅನ್ನುತ್ತಾರೆ, ಕಸಕ್ಕೂ ಆಸಿಡ್‌ಗೂ ಇರುವ ತೂಕದ ಲೆಕ್ಕ. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಬಾಟಲಿಯಲ್ಲಿರುವುದು ಶೇ. 85ರ ಆಸಿಡ್, ಉಳಿದದ್ದು ನೀರು. ಆದ್ದರಿಂದ 50 ಗ್ರಾಂ ಅಪ್ಪಟ ಆಸಿಡ್ ಬೇಕೆಂದರೆ ಬಾಟಲಿಯದ್ದು ಸುಮಾರು 59 ಗ್ರಾಂ ಆಗಬೇಕು. ಇದು ನೀರಿಗಿಂತ ಭಾರ, ಒಂದು ಮಿಲಿ ಸುಮಾರು 1.68 ಗ್ರಾಂ ತೂಗುತ್ತದೆ. ಹಾಗಾಗಿ ಅಳತೆ ಮಾಡಿದರೆ 35 ಮಿಲಿ. ಸುಮ್ನೆ 50 ಮಿಲಿ ಸುರಿದುಬಿಟ್ಟರೆ ನಿಮ್ಮ ರೇಶಿಯೋ 1.4 ಆಗಿರುತ್ತದೆ, ವರದಿಯಲ್ಲಿ 1 ಅಂತ ಬರೆದಿರುತ್ತೀರಿ.

ಬೀಕರಿನಲ್ಲಿ ಮೊದಲು 100 ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ. ಅದಕ್ಕೆ ಆಸಿಡ್ಡನ್ನು ನಿಧಾನವಾಗಿ, ಕಡ್ಡಿಯಿಂದ ತಿರುವುತ್ತ ಸೇರಿಸಿ. ನೀರಿಗೆ ಆಸಿಡ್. ಎಂದೂ ಆಸಿಡ್‌ಗೆ ನೀರಲ್ಲ. ಬೀಕರ್ ಬೆಚ್ಚಗಾಗುತ್ತದೆ, ಹೆದರಬೇಡಿ. ಇದನ್ನು ಪುಡಿಗೆ ಹಾಕಿ ಚೆನ್ನಾಗಿ ಕಲಸಿ. ಎಲ್ಲೂ ಒಣ ಗಂಟು ಉಳಿಯಬಾರದು. ಮುಚ್ಚಿ ಒಂದು ರಾತ್ರಿ ಬಿಡಿ.

ಮರುದಿನ ಓವನ್ನಿನಲ್ಲಿ 110 ಡಿಗ್ರಿಗೆ ಇಡಿ. ಗಂಟೆಗೊಮ್ಮೆ ತಿರುವಿಹಾಕಿ. ತಿಳಿ ಕಂದು ಇದ್ದ ಪುಡಿ ಕಾಫಿ ಬಣ್ಣಕ್ಕೆ, ಆಮೇಲೆ ಪೂರ್ತಿ ಕಪ್ಪಿಗೆ ತಿರುಗುತ್ತದೆ. ಇನ್ನೂ ಸುಟ್ಟಿಲ್ಲ ನೋಡಿ, 110 ಡಿಗ್ರಿಗೇ ಕಪ್ಪಾಯಿತು. ಆಸಿಡ್ ಸಿಪ್ಪೆಯ ನಾರನ್ನು ಒಡೆದು ಅದರೊಳಗಿನ ನೀರಿನಂಶ ಕಿತ್ತುಕೊಳ್ಳುತ್ತಿದೆ. ಇದೇ ಕಾರಣಕ್ಕೆ ಮುಂದೆ ಡಾಂಬರು ಕಡಿಮೆ ಹುಟ್ಟುತ್ತದೆ, ಕಾರ್ಬನ್ ಜಾಸ್ತಿ ಉಳಿಯುತ್ತದೆ. ಕೊನೆಗೆ ಪುಡಿ ಒದ್ದೆ ಬೆಲ್ಲದ ಹಾಗೆ ಅಂಟಂಟಾಗಿ ಇರುತ್ತದೆ. ಪೂರ್ತಿ ಒಣಗುವುದಿಲ್ಲ, ಅದು ಸರಿಯೇ. ತೂಕ ಇಳಿಯುವುದು ನಿಂತರೆ ಸಾಕು.

ಹಂತ 4: ಸುಡಿ

ಕ್ರೂಸಿಬಲ್ಲನ್ನು ಅರ್ಧದಷ್ಟು ಮಾತ್ರ ತುಂಬಿ. ಬಿಸಿಯಾದಾಗ ಇದು ಉಬ್ಬುತ್ತದೆ. ಮುಚ್ಚಳ ಇಡಿ, ಆದರೆ ಬಿಗಿ ಮಾಡಬೇಡಿ. ಒಳಗಿನ ಹೊಗೆಗೆ ದಾರಿ ಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಫರ್ನೇಸ್ ನಿಮಿಷಕ್ಕೆ 5-10 ಡಿಗ್ರಿ ಏರುವ ಹಾಗೆ ಇಟ್ಟು 450ರಿಂದ 500 ಡಿಗ್ರಿಗೆ ತನ್ನಿ. ಅಲ್ಲಿ ಒಂದು ಗಂಟೆ ಬಿಡಿ. ಅದಕ್ಕಿಂತ ಮೇಲೆ ಏರಿಸಿದರೆ ಒಳ್ಳೆಯದಾಗುತ್ತದೆ ಅಂತ ಅನಿಸಬಹುದು. ಆಗುವುದಿಲ್ಲ. ಈ ಆಸಿಡ್ ವಿಧಾನದಲ್ಲಿ ರಂಧ್ರಗಳು ಚೆನ್ನಾಗಿ ತೆರೆಯುವುದು ಇದೇ ಉಷ್ಣತೆಯಲ್ಲಿ. ಮೇಲೆ ಹೋದಂತೆ ಅವು ಕುಗ್ಗತೊಡಗುತ್ತವೆ.

ಕೋಣೆಯ ಎಕ್ಸಾಸ್ಟ್ ಫ್ಯಾನ್ ಮೊದಲಿನಿಂದ ಕೊನೆವರೆಗೆ ಓಡುತ್ತಿರಲಿ. ಹೊಗೆಯಲ್ಲಿ ಆಸಿಡ್ ಆವಿಯೂ ಇರುತ್ತದೆ, ಕಾರ್ಬನ್ ಮಾನಾಕ್ಸೈಡೂ ಇರುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಮಾಡಲೇಬೇಡಿ.

ಒಂದು ಗಂಟೆ ಆದ ಮೇಲೆ ಫರ್ನೇಸ್ ಆರಿಸಿ ಮನೆಗೆ ಹೋಗಿ. ನಿಜವಾಗಿಯೂ, ಹೋಗಿಬಿಡಿ. ಆಸೆ ತಡೆಯದೆ ಬಿಸಿ ಇರುವಾಗಲೇ ಮುಚ್ಚಳ ತೆಗೆದವರ ಕ್ರೂಸಿಬಲ್ ನೋಡಿದ್ದೇನೆ. ಗಾಳಿ ತಾಗಿದ ಕೂಡಲೇ ಅಂಚಿನಲ್ಲಿ ಕೆಂಪು ಕಿಡಿ ಹರಿದಾಡುತ್ತದೆ, ಹಿಂದೆಯೇ ಬಿಳಿ ಬೂದಿಯ ಗೆರೆ. ಇಷ್ಟು ದಿನದ ಕೆಲಸ ಎರಡು ನಿಮಿಷದಲ್ಲಿ ಹೋಗುತ್ತದೆ. ಒಳಗೆ 100 ಡಿಗ್ರಿಗಿಂತ ಕೆಳಗೆ ಬಂದ ಮೇಲೆಯೇ ತೆರೆಯಿರಿ.

ಹಂತ 5: ತೊಳೆಯುವುದು, ಇದೇ ದೊಡ್ಡ ಕೆಲಸ

ಈಗ ನಿಮ್ಮ ಕಾರ್ಬನ್ನಿನ ರಂಧ್ರಗಳೆಲ್ಲ ಆಸಿಡ್‌ನಿಂದ ತುಂಬಿವೆ. ಅದನ್ನು ತೆಗೆದರೆ ಮಾತ್ರ ರಂಧ್ರ ಖಾಲಿ. ಸರಿಯಾಗಿ ತೊಳೆಯದ ಕಾರ್ಬನ್ ಸುಮ್ಮನೆ ಕಪ್ಪು ಪುಡಿ.

500 ಮಿಲಿ ಬಿಸಿ ಡಿಸ್ಟಿಲ್ಡ್ ವಾಟರ್ ಹಾಕಿ, ಹತ್ತು ನಿಮಿಷ ತಿರುವಿ, ತಳಕ್ಕೆ ಕೂರಲು ಬಿಡಿ, ಮೇಲಿನ ನೀರು ಬಸಿಯಿರಿ. ಮೊದಲ ಸಲದ ನೀರನ್ನು ಬಾಟಲಿಯಲ್ಲಿ ತೆಗೆದಿಡಿ. ಅದರಲ್ಲಿ ಆಸಿಡ್ ಬೇಕಾದಷ್ಟಿದೆ, ಕಾಯಿಸಿ ಸಾಂದ್ರ ಮಾಡಿ ಮುಂದಿನ ಸಲ ನೆನೆಸಲು ಬಳಸಬಹುದು. ಉಳಿದ ತೊಳೆದ ನೀರಿಗೆ ಸುಣ್ಣ ಹಾಕಿ. ಬಿಳಿ ಗಸಿ ಕೂರುತ್ತದೆ, ಅದು ಕ್ಯಾಲ್ಸಿಯಂ ಫಾಸ್ಫೇಟ್. ಹುಳಿ ಹೋದ ಮೇಲೆ ಮಾತ್ರ ಚೆಲ್ಲಿ.

ಐದರಿಂದ ಎಂಟು ಸಲ ತೊಳೆಯಬೇಕಾಗುತ್ತದೆ. ಪಿಎಚ್ ಪೇಪರ್ 6ರಿಂದ 7 ತೋರಿಸಬೇಕು. ಇಲ್ಲೊಂದು ಮೋಸವಿದೆ. ತೊಳೆದ ಕೂಡಲೇ ನೋಡಿದರೆ 6 ತೋರಿಸುತ್ತದೆ. ಅದೇ ನೀರಿನಲ್ಲಿ ಒಂದು ಗಂಟೆ ಬಿಟ್ಟು ನೋಡಿ, ಪೇಪರ್ ಮತ್ತೆ ಕೆಂಪು ತಿರುಗಿ 3-4 ತೋರಿಸುತ್ತದೆ. ಒಳಗಿನ ಸಣ್ಣ ರಂಧ್ರಗಳಿಂದ ಆಸಿಡ್ ನಿಧಾನವಾಗಿ ಹೊರಬರುತ್ತಿರುತ್ತದೆ. ಆದ್ದರಿಂದ ಒಂದು ಗಂಟೆ ನೆನೆಸಿ ನೋಡಿದ ಪಿಎಚ್ಚನ್ನೇ ನಂಬಿ.

ಇನ್ನೊಂದು ಮಾತು ನಮ್ಮ ಭಾಗದವರಿಗೆ ವಿಶೇಷವಾಗಿ. ನಮ್ಮ ಬೋರ್‌ವೆಲ್ ನೀರು ಗಡಸು, ಸುಣ್ಣದಂಶ ಜಾಸ್ತಿ. ಡಿಸ್ಟಿಲ್ಡ್ ವಾಟರ್ ಯಾಕೆ ಖರ್ಚು ಅಂತ ಬೋರಿನ ನೀರಿನಲ್ಲಿ ತೊಳೆದರೆ, ಆ ಸುಣ್ಣದಂಶ ಉಳಿದ ಆಸಿಡ್ ಜೊತೆ ಸೇರಿ ಅದೇ ಬಿಳಿ ಗಸಿಯಾಗುತ್ತದೆ. ಈ ಸಲ ಬಸಿದ ನೀರಿನಲ್ಲಲ್ಲ, ನಿಮ್ಮ ರಂಧ್ರಗಳ ಬಾಯಲ್ಲೇ. ಒಣಗಿದ ಮೇಲೆ ಕಪ್ಪು ಪುಡಿಯಲ್ಲಿ ಬಿಳಿ ಚುಕ್ಕೆ ಕಾಣಿಸಿದರೆ ಇದೇ ಕಾರಣ. ಆರ್‌ಓ ನೀರೂ ಆಗುತ್ತದೆ.

ಕೊನೆಗೆ 110 ಡಿಗ್ರಿಯಲ್ಲಿ ಒಣಗಿಸಿ ತೂಗಿ. 50 ಗ್ರಾಂ ಸಿಪ್ಪೆಗೆ ಸುಮಾರು 20 ಗ್ರಾಂ ಕಾರ್ಬನ್ ಬಂದರೆ ಚೆನ್ನಾಗಿ ಬಂದಿದೆ. 35 ಗ್ರಾಂ ಬಂತು ಅಂತ ಖುಷಿಪಡಬೇಡಿ, ಆಸಿಡ್ ಇನ್ನೂ ಒಳಗಿದೆ. ಗಾಳಿಯಾಡದ ಗಾಜಿನ ಬಾಟಲಿಯಲ್ಲಿಡಿ. ತೆರೆದಿಟ್ಟರೆ ತೇವ, ವಾಸನೆ ಎರಡನ್ನೂ ಹಿಡಿದುಕೊಳ್ಳುತ್ತದೆ.

ಹಂತ 6: ಕೆಲಸ ಮಾಡುತ್ತದಾ, ಪರೀಕ್ಷಿಸಿ

ಒಂದು ಲೀಟರ್ ನೀರಿಗೆ 100 ಮಿಲಿಗ್ರಾಂ ಮೆಥಿಲೀನ್ ಬ್ಲೂ ಹಾಕಿ ಕರಗಿಸಿ. ಐದು ಬಾಟಲಿಗೆ 50 ಮಿಲಿಯಂತೆ ಹಾಕಿ. ಒಂದಕ್ಕೆ ಏನೂ ಹಾಕಬೇಡಿ. ಒಂದಕ್ಕೆ 0.05 ಗ್ರಾಂ ಕಾರ್ಬನ್, ಇನ್ನೊಂದಕ್ಕೆ 0.1 ಗ್ರಾಂ. ನಾಲ್ಕನೆಯದಕ್ಕೆ 0.1 ಗ್ರಾಂ ಮಾಮೂಲಿ ಇದ್ದಿಲು. ಐದನೆಯದಕ್ಕೆ 0.1 ಗ್ರಾಂ ಸುಡದ ಶೇಂಗಾ ಸಿಪ್ಪೆ ಪುಡಿ. ಕೊನೆಯ ಎರಡನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆದರೆ ಬರೀ ಸಿಪ್ಪೆಯೂ ಈ ನೀಲಿಯನ್ನು ಸ್ವಲ್ಪ ಹಿಡಿಯುತ್ತದೆ. ಅದರೊಂದಿಗೆ ಹೋಲಿಸದಿದ್ದರೆ ನಿಮ್ಮ ಶ್ರಮದಿಂದ ಎಷ್ಟು ಲಾಭವಾಯಿತು ಅಂತ ಗೊತ್ತಾಗುವುದು ಹೇಗೆ, ಅಲ್ವಾ?

ಎರಡು ಗಂಟೆ ಅಲುಗಾಡಿಸಿ. ಆಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಬೇಡಿ. ಆ ಪೇಪರೂ ನಾರೇ, ಮೆಥಿಲೀನ್ ಬ್ಲೂ ಅದಕ್ಕೂ ಅಂಟುತ್ತದೆ. ಪೇಪರ್ ನೀಲಿಯಾಗಿ ನೀರು ತಿಳಿಯಾದರೆ ಆ ಹೆಗ್ಗಳಿಕೆ ಕಾರ್ಬನ್ನಿನದಲ್ಲ. ರಾತ್ರಿಯಿಡೀ ಕೂರಲು ಬಿಟ್ಟು ಮೇಲಿನ ನೀರು ತೆಗೆಯಿರಿ, ಇಲ್ಲವೇ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಪುಡಿಯನ್ನು ತಳಕ್ಕೆ ಕೂರಿಸುವ ಯಂತ್ರ) ಬಳಸಿ.

ಕಲರಿಮೀಟರಿನಲ್ಲಿ (ಬಣ್ಣ ಎಷ್ಟು ಗಾಢ ಅಂತ ಅಳೆಯುವ ಯಂತ್ರ) 660 ನ್ಯಾನೋಮೀಟರಿನ ಕೆಂಪು ಫಿಲ್ಟರ್ ಹಾಕಿ ಓದಿ. ಮೊದಲು ಲೀಟರಿಗೆ 1, 2, 3, 4, 5 ಮಿಲಿಗ್ರಾಂ ಇರುವ ದ್ರಾವಣಗಳಿಂದ ಅಳತೆಗೆರೆ (ಯಂತ್ರದ ಯಾವ ಅಂಕಿಗೆ ಎಷ್ಟು ಬಣ್ಣ ಅಂತ ತೋರಿಸುವ ಗ್ರಾಫ್) ಎಳೆದುಕೊಳ್ಳಿ. ಗಾಢ ಇದ್ದರೆ ತೆಳು ಮಾಡಿ ಓದಿ, ಆಮೇಲೆ ಗುಣಿಸಿ. ಲೆಕ್ಕ ಸುಲಭ. ಮೊದಲಿದ್ದ ಬಣ್ಣದಿಂದ ಉಳಿದ ಬಣ್ಣ ಕಳೆಯಿರಿ, ಲೀಟರಿನಲ್ಲಿ ನೀರಿನ ಅಳತೆಯಿಂದ ಗುಣಿಸಿ, ಗ್ರಾಂನಲ್ಲಿ ಕಾರ್ಬನ್ ತೂಕದಿಂದ ಭಾಗಿಸಿ. ಉದಾಹರಣೆಗೆ 100 ಇದ್ದದ್ದು 10ಕ್ಕೆ ಇಳಿದರೆ ವ್ಯತ್ಯಾಸ 90. ಅದನ್ನು 0.05 ಲೀಟರಿನಿಂದ ಗುಣಿಸಿ 0.05 ಗ್ರಾಂನಿಂದ ಭಾಗಿಸಿದರೆ ಗ್ರಾಂಗೆ 90 ಮಿಲಿಗ್ರಾಂ. ಒಂದು ಗ್ರಾಂ ಕಾರ್ಬನ್ ಅಷ್ಟು ಬಣ್ಣ ಹೊತ್ತಿದೆ ಎಂದರ್ಥ. 0.05 ಗ್ರಾಂ ಹಾಕಿದ ಬಾಟಲಿಯೇ ಪೂರ್ತಿ ತಿಳಿಯಾಗಿಬಿಟ್ಟರೆ ಇನ್ನೂ ಎಷ್ಟು ಹೊರಬಲ್ಲದು ಗೊತ್ತಾಗುವುದಿಲ್ಲ. ಆಗ ಬಣ್ಣ ಜಾಸ್ತಿ ಮಾಡಿ ಮತ್ತೆ ಮಾಡಿ.

ಅಯೋಡಿನ್ ನಂಬರ್ ಅಂತಲೂ ಕೇಳಿರುತ್ತೀರಿ. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯಿತು ಅನ್ನುವ ಲೆಕ್ಕ ಅದು. ಅಯೋಡಿನ್ ಕಣ ಸಣ್ಣದು, ಎರಡು ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಕ್ಕೂ ನುಗ್ಗುತ್ತದೆ. ಬಟ್ಟೆಯ ಬಣ್ಣದ ಕಣ ದೊಡ್ಡದು, ಅಲ್ಲಿ ಹೋಗದು. ಅಯೋಡಿನ್ ನಂಬರ್ ಚೆನ್ನಾಗಿದ್ದೂ ಬಣ್ಣ ಹಿಡಿಯದ ಕಾರ್ಬನ್ ಇರಲು ಸಾಧ್ಯ.

ಹಂತ 7: ನಿಜವಾದ ಬಣ್ಣದ ನೀರಿಗೆ

ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ಗೆದ್ದ ಕಾರ್ಬನ್ ನೂಲಿನ ಬಣ್ಣದ ನೀರಿನಲ್ಲಿ ಸೋತರೆ ಬೇಸರ ಮಾಡಿಕೊಳ್ಳಬೇಡಿ. ಕಾರಣ ಇದೆ. ಮೆಥಿಲೀನ್ ಬ್ಲೂ ಕಣದ ಮೇಲೆ ಧನ ಆವೇಶ. ಫಾಸ್ಫಾರಿಕ್ ಆಸಿಡ್‌ನಿಂದ ಮಾಡಿದ ಕಾರ್ಬನ್ ಮೇಲೆ, ನೀರು ತೀರಾ ಹುಳಿಯಾಗಿರದಿದ್ದರೆ, ಋಣ ಆವೇಶ. ಎರಡೂ ಒಂದನ್ನೊಂದು ಸೆಳೆಯುತ್ತವೆ. ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣದ ಮೇಲಿರುವುದೂ ಋಣ ಆವೇಶವೇ. ಒಂದನ್ನೊಂದು ತಳ್ಳುತ್ತವೆ. ಅದರ ಮೇಲೆ ಆ ನೀರಿನಲ್ಲಿ ಬಣ್ಣ ಹಾಕುವಾಗ ಬಳಸಿದ ವಾಷಿಂಗ್ ಸೋಡಾ ಇರುತ್ತದೆ, ಪಿಎಚ್ 10-11 ಇರುತ್ತದೆ. ತಳ್ಳಾಟ ಇನ್ನೂ ಜಾಸ್ತಿ.

ಪರಿಹಾರ: ತೆಳು ಆಸಿಡ್ ಹನಿ ಹನಿಯಾಗಿ ಹಾಕಿ ಪಿಎಚ್ಚನ್ನು 4ರ ಆಸುಪಾಸಿಗೆ ಇಳಿಸಿ. ಸೋಡಾ ನೊರೆ ಬರುತ್ತದೆ, ಪಾತ್ರೆ ದೊಡ್ಡದಿರಲಿ. ಆಮೇಲೆ ಲೀಟರಿಗೆ 1, 2, 5 ಗ್ರಾಂ ಕಾರ್ಬನ್ ಹಾಕಿ ನೋಡಿ. ಹೊರಗೆ ಬಿಡುವ ಮುಂಚೆ ಪಿಎಚ್ಚನ್ನು ಮತ್ತೆ 7ಕ್ಕೆ ತನ್ನಿ.

ಬಣ್ಣದ ಮನೆಯವರು ಒಂದು ಲೆಕ್ಕ ನೋಡಿ. ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಬಣ್ಣ ಇದೆ, ಕಾರ್ಬನ್ ಗ್ರಾಂಗೆ 50 ಮಿಲಿಗ್ರಾಂ ಹೊರುತ್ತದೆ ಅಂದುಕೊಳ್ಳಿ. ಲೀಟರಿಗೆ 4 ಗ್ರಾಂ ಬೇಕು. ಸಾವಿರ ಲೀಟರಿಗೆ 4 ಕೆಜಿ. ಅಷ್ಟು ಕಾರ್ಬನ್ನಿಗೆ 10 ಕೆಜಿ ಸಿಪ್ಪೆ, 10 ಕೆಜಿಗೂ ಮಿಕ್ಕಿ ಆಸಿಡ್. ದುಬಾರಿ. ಹಾಗಾಗಿ ಮೊದಲು ಪಟಿಕ ಅಥವಾ ಸುಣ್ಣ ಹಾಕಿ ಗಸಿ ಕೂರಿಸಿ, ಆದಷ್ಟು ಬಣ್ಣ ಅಲ್ಲೇ ಇಳಿಸಿ. ಉಳಿದ ತೆಳು ಬಣ್ಣಕ್ಕೆ ಮಾತ್ರ ಕಾರ್ಬನ್. ಉಪ್ಪಿನಂಶ ಮಾತ್ರ ಇದರಿಂದ ಹೋಗುವುದಿಲ್ಲ, ತಿಳಿಯಾದ ನೀರು ಅಂತ ಹೊಲಕ್ಕೆ ಹಾಯಿಸಬೇಡಿ. ಬಣ್ಣ ತುಂಬಿದ ಹಳೆಯ ಕಾರ್ಬನ್ನನ್ನು ತಿಪ್ಪೆಗೆ, ಹಳ್ಳಕ್ಕೆ ಎಸೆಯಬೇಡಿ. ಹಿಡಿದ ಬಣ್ಣ ಮತ್ತೆ ಬಿಡುತ್ತದೆ. ಪ್ರಯೋಗಾಲಯದ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ.

ಕುಡಿಯುವ ನೀರಿಗೆ ಹಾಕಬಹುದಾ?

ಈ ಪ್ರಶ್ನೆ ಹೆಚ್ಚಾಗಿ ಹಳ್ಳಿಗಳಿಂದ ಬರುತ್ತದೆ, ಅದರ ಹಿಂದಿನ ಕಷ್ಟವೂ ಗೊತ್ತು. ನಮ್ಮ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಆದರೆ ಸಿಪ್ಪೆಯ ಕಾರ್ಬನ್ ಫ್ಲೋರೈಡನ್ನು ಹೇಳಿಕೊಳ್ಳುವಷ್ಟು ಹಿಡಿಯುವುದಿಲ್ಲ. ನೈಟ್ರೇಟ್, ಗಡಸುತನ, ಉಪ್ಪು, ಇವನ್ನೂ ಬಿಡುತ್ತದೆ. ಅದು ಹಿಡಿಯುವುದು ಬಣ್ಣ, ವಾಸನೆ, ಕ್ಲೋರಿನ್, ಕೆಲವು ಕೀಟನಾಶಕ. ಮೇಲಾಗಿ ನೀವು ಮಾಡಿದ ಕಾರ್ಬನ್ನಿನಲ್ಲಿ ಆಸಿಡ್ ಉಳಿದಿರಬಹುದು, ಅದು ಕುಡಿಯುವ ನೀರಿಗೆ ಪರೀಕ್ಷೆಯಾದ ವಸ್ತುವಲ್ಲ. ಮನೆಯ ಕೊಡಕ್ಕೆ ಹಾಕಬೇಡಿ. ನೀರನ್ನು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಫ್ಲೋರೈಡ್ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಅದನ್ನು ದಾಟಿದ್ದರೆ ಫ್ಲೋರೈಡ್ ಹಿಡಿಯುವ ಆಕ್ಟಿವೇಟೆಡ್ ಅಲ್ಯುಮಿನಾ ಇರುವ ಫಿಲ್ಟರ್ ಇಲ್ಲವೇ ಆರ್‌ಓ ಘಟಕದ ನೀರು ಬಳಸಿ.